ಊರು ಬದಲಿಸಿದ ಮೇಲೆ ಹೊಸ ನೋವಿನ ಡಾಕ್ಟರು ಸಿಗುವ ತನಕ: ಮಂಗಳೂರು, ಉಡುಪಿಗೆ ಬಂದವರಿಗೆ ಹಂತ ಹಂತದ ಮಾರ್ಗದರ್ಶಿ

ಮುಂಬಯಿ, ಪುಣೆ, ಹೈದರಾಬಾದ್ ಬಿಟ್ಟು ಊರಿಗೆ ಮರಳಿದವರು, ಕೆಲಸಕ್ಕೆಂದು ಹೊಸದಾಗಿ ಮಂಗಳೂರಿಗೆ ಬಂದವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಸಾಮಾನು ಜೋಡಿಸಿ, ಗ್ಯಾಸ್ ಕನೆಕ್ಷನ್, ಮಕ್ಕಳ ಶಾಲೆ ಎಲ್ಲ ಮುಗಿಸಿ ಆಮೇಲೆ ಡಾಕ್ಟರನ್ನು ನೋಡಿದರಾಯಿತು ಅಂತ ಇರುತ್ತಾರೆ. ಅಷ್ಟರಲ್ಲಿ ಮಾತ್ರೆ ಮುಗಿದಿರುತ್ತದೆ.

ನಮ್ಮ ಮನೆಯಲ್ಲೂ ಹಾಗೇ ಆಯಿತು. ಬೆನ್ನಿನ ಆಪರೇಷನ್ ಆದ ಮೇಲೆ ನನ್ನ ಗಂಡ ಕಾಲಿಗಿಳಿಯುವ ನೋವಿಗೆ ನಾಲ್ಕು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಠಾಣೆಯಿಂದ ಕಾಪುವಿಗೆ ಬಂದ ಹನ್ನೆರಡನೇ ದಿನ ನರದ ನೋವಿನ ಮಾತ್ರೆ ಪ್ರೆಗಾಬಲಿನ್ ಸ್ಟ್ರಿಪ್ ಖಾಲಿ. ‘ನೋವಿನ ಮಾತ್ರೆ ತಾನೆ, ನಾಲ್ಕು ದಿನ ತಡ್ಕೊಳ್ತೇನೆ’ ಅಂದರು. ಮೂರು ರಾತ್ರಿ ನಿದ್ದೆಯಿಲ್ಲ, ಬನಿಯನ್ ಹಿಂಡುವಷ್ಟು ಬೆವರು, ಲೋಟ ಹಿಡಿದರೆ ಕೈ ನಡುಕ. ನೋವು ಜಾಸ್ತಿಯಾಗಿದೆ ಎಂದುಕೊಂಡು ಆಸ್ಪತ್ರೆಗೆ ಓಡಿದೆವು. ಮೂಳೆ ವಿಭಾಗದಲ್ಲಿ ಚೀಟಿ ಮಾಡಿಸಿದರು, ಅರ್ಧ ದಿನ ಕೂರಿಸಿದರು, ಹಳೆಯ ಎಂಆರ್‌ಐ ಬಿಚ್ಚಿಯೂ ನೋಡದೆ ಹೊಸದು ಬರೆದುಕೊಟ್ಟರು. ಮಾತ್ರೆ ದಿಢೀರ್ ನಿಂತದ್ದೇ ಕಾರಣ ಎಂದು ಹೇಳಿದ್ದು ಮರುದಿನ ಸಿಕ್ಕ ನಮ್ಮ ಪೇಟೆಯ ಸಾಮಾನ್ಯ ವೈದ್ಯರು. ಆ ಮೂರು ರಾತ್ರಿ ಇನ್ನೊಂದು ಮನೆಗೆ ಬರಬಾರದು ಎಂಬ ಕಾರಣಕ್ಕೆ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಇಲ್ಲಿರುವ ಹಂತಗಳ ಕ್ರಮ ಮುಖ್ಯ. ನಾಲ್ಕನೆಯದನ್ನು ಮೊದಲು ಮಾಡಿದರೆ ಮೂರು ವಾರ ಹಾಳಾಗುತ್ತದೆ.

1. ಮೊದಲು ಮಾತ್ರೆ ಎಣಿಸಿ

ಡಾಕ್ಟರನ್ನು ಹುಡುಕುವ ಕೆಲಸ ಶುರುವಾಗುವುದು ಮಾತ್ರೆಯ ಡಬ್ಬದಿಂದ. ಎಲ್ಲ ಸ್ಟ್ರಿಪ್‌ಗಳನ್ನು ಮೇಜಿನ ಮೇಲೆ ಹರವಿ ಒಂದೊಂದು ಎಷ್ಟು ದಿನಕ್ಕೆ ಬರುತ್ತದೆ ಎಂದು ಲೆಕ್ಕ ಹಾಕಿ. ಎಲ್ಲಕ್ಕಿಂತ ಮೊದಲು ಮುಗಿಯುವ ಮಾತ್ರೆಯ ಕೊನೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಹೊಸ ಊರಿನಲ್ಲಿ ನೀವು ಮಾಡುವ ಪ್ರತಿಯೊಂದನ್ನೂ ಆ ದಿನದಿಂದ ಹಿಂದಕ್ಕೆ ಎಣಿಸಬೇಕು. ಹೊರಡುವಾಗ ಕೈಯಲ್ಲಿ ಕನಿಷ್ಠ ಒಂದು ತಿಂಗಳ ಮಾತ್ರೆ ಇರಲಿ.

ಎಲ್ಲ ಮಾತ್ರೆಯೂ ಒಂದೇ ಥರ ಅಲ್ಲ. ಪ್ಯಾರಾಸಿಟಮಾಲ್ ಎರಡು ದಿನ ತಪ್ಪಿದರೆ ನೋವು ಬರಬಹುದು, ಅಷ್ಟೆ. ಪ್ರೆಗಾಬಲಿನ್, ಗಾಬಾಪೆಂಟಿನ್ ಹಾಗಲ್ಲ. ದಿಢೀರ್ ನಿಲ್ಲಿಸಿದರೆ ನಿದ್ದೆಗೆಡುತ್ತದೆ, ಬೆವರುತ್ತದೆ, ಗಾಬರಿ ಹುಟ್ಟುತ್ತದೆ. ಕೆಲವರಿಗೆ, ಅದರಲ್ಲೂ ಅಪಸ್ಮಾರ ಇದ್ದವರಿಗೆ, ಫಿಟ್ಸ್ ಬರುವ ಅಪಾಯವೂ ಉಂಟು. ಡುಲೋಕ್ಸೆಟಿನ್, ಅಮಿಟ್ರಿಪ್ಟಿಲಿನ್ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ಕಿರಿಕಿರಿ. ಅಫೀಮು ಜಾತಿಯ ನೋವಿನ ಔಷಧಗಳಾದ ಟ್ರಮಡಾಲ್, ಮಾರ್ಫಿನ್ ಬಹಳ ದಿನದಿಂದ ನಡೆಯುತ್ತಿದ್ದು ನಿಂತರೆ ಮೈಕೈ ನೋವು, ಭೇದಿ, ಚಳಿ, ತಡೆಯಲಾಗದ ಚಡಪಡಿಕೆ. ಇವನ್ನೆಲ್ಲ ಡಾಕ್ಟರು ಹೇಳಿದ ಲೆಕ್ಕದಲ್ಲಿ ನಿಧಾನಕ್ಕೆ ಇಳಿಸಬೇಕು. ಉಳಿಸಲೆಂದು ನೀವೇ ಅರ್ಧ ಮಾಡಿ ನುಂಗಬೇಡಿ.

2. ಹಳೆಯ ಡಾಕ್ಟರಿಂದ ಪಡೆಯಬೇಕಾದ್ದು

ಈ ಹಂತದ ಮೇಲೆ ಉಳಿದದ್ದೆಲ್ಲ ನಿಂತಿದೆ. ‘ಫೈಲ್ ಇದೆ’ ಅನ್ನುವವರ ಫೈಲಿನಲ್ಲಿ ಹೆಚ್ಚಾಗಿ ಇರುವುದು ರಶೀದಿ ಮತ್ತು ರಕ್ತಪರೀಕ್ಷೆ. ಹೊಸ ಡಾಕ್ಟರಿಗೆ ಬೇಕಾದ್ದು ಬೇರೆ.

ಮೊದಲನೆಯದು, ಒಂದು ಪುಟದ ಸಾರಾಂಶ ಪತ್ರ. ಕಾಯಿಲೆಯ ಹೆಸರು, ಯಾವಾಗಿನಿಂದ, ಈಗಿನ ಮಾತ್ರೆ ಮತ್ತು ಅಳತೆ, ಹಿಂದೆ ಕೊಟ್ಟು ನಿಲ್ಲಿಸಿದ ಮಾತ್ರೆ, ನಿಲ್ಲಿಸಿದ್ದು ಯಾಕೆ. ಈ ಕೊನೆಯದನ್ನು ಕೇಳಿ ಬರೆಸಿಕೊಳ್ಳಿ. ಗಾಬಾಪೆಂಟಿನ್‌ನಿಂದ ಕಾಲು ಬಾತದ್ದು ಎಲ್ಲೂ ದಾಖಲಾಗದಿದ್ದರೆ ಹೊಸ ಡಾಕ್ಟರು ಮೊದಲ ದಿನ ಅದನ್ನೇ ಬರೆಯುವುದು ಸಹಜ. ಮಾತ್ರೆಗಳ ಹೆಸರು ಔಷಧದ ಮೂಲ ಹೆಸರಿನಲ್ಲಿರಲಿ. ಅಲ್ಲಿಯ ಬ್ರಾಂಡ್ ಇಲ್ಲಿಯ ಮೆಡಿಕಲ್‌ನಲ್ಲಿ ಸಿಗದೇ ಹೋಗಬಹುದು. ಮೂಲ ಹೆಸರಿದ್ದರೆ ಜನೌಷಧಿ ಕೇಂದ್ರದಲ್ಲೂ ಕೇಳಬಹುದು.

ಎರಡನೆಯದು, ಇಂಜೆಕ್ಷನ್ ಆಗಿದ್ದರೆ ಅದರ ಟಿಪ್ಪಣಿ. ‘ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ರು’ ಅಂದರೆ ಯಾವ ಪ್ರಯೋಜನವೂ ಇಲ್ಲ. ಯಾವ ದಿನ, ಎಡವೋ ಬಲವೋ, ಸೊಂಟದ ಯಾವ ಎಲುಬುಗಳ ನಡುವೆ (ಎಲ್4–ಎಲ್5ರಲ್ಲೋ ಎಲ್5–ಎಸ್1ರಲ್ಲೋ), ಯಾವ ಬಗೆಯದು, ಅಂದರೆ ಎಪಿಡ್ಯೂರಲ್ ಸ್ಟೀರಾಯ್ಡೋ, ಫ್ಯಾಸೆಟ್ ಬ್ಲಾಕೋ, ರೇಡಿಯೋ ಫ್ರೀಕ್ವೆನ್ಸಿಯೋ, ಯಾವ ಔಷಧ, ಎಷ್ಟು. ಇವೆಲ್ಲ ಪ್ರೊಸೀಜರ್ ನೋಟಿನಲ್ಲಿ ಇರುತ್ತವೆ. ಅದರ ಅಂಚಿನಲ್ಲಿ ನೀವೇ ಪೆನ್ಸಿಲಿನಲ್ಲಿ ಬರೆಯಿರಿ: ಎಷ್ಟು ದಿನ ಆರಾಮ ಇತ್ತು. ಹನ್ನೆರಡು ದಿನವೋ ಎಂಟು ತಿಂಗಳೋ ಎಂಬುದರ ಮೇಲೆ ಮುಂದಿನ ದಾರಿ ನಿಲ್ಲುತ್ತದೆ.

ಮೂರನೆಯದು, ಎಂಆರ್‌ಐ. ವರದಿ ಮಾತ್ರ ಸಾಲದು, ಚಿತ್ರಗಳು ಬೇಕು. ಸಿ.ಡಿ. ಕೊಟ್ಟರೆ ಪೆನ್‌ಡ್ರೈವ್‌ಗೂ ಹಾಕಿಸಿಕೊಳ್ಳಿ. ಫಿಲ್ಮ್‌ಗಳಿಗೆ ನಮ್ಮ ಕರಾವಳಿಯ ಮಳೆಗಾಲ ಶತ್ರು. ನಾವು ಜೂನ್‌ನಲ್ಲಿ ಬೀರುವಿನ ಮೇಲಿಟ್ಟ ಹಾಳೆಗಳು ಆಗಸ್ಟಿನಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸುವಾಗ ಚರ್ ಎಂದು ಸದ್ದಾಗಿ, ನೋಡಬೇಕಾದ ಎಲುಬಿನ ಜಾಗದಲ್ಲೇ ಬಿಳಿ ಮಚ್ಚೆ ಎದ್ದಿತು. ಹಾಳೆಗಳ ನಡುವೆ ತೆಳ್ಳಗಿನ ಒಣ ಕಾಗದ ಇಟ್ಟು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ನೆಟ್ಟಗೆ ನಿಲ್ಲಿಸಿಡಿ. ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದರ ಫೋಟೊವನ್ನೂ ಮೊಬೈಲಿನಲ್ಲಿ ತೆಗೆದಿಡಿ.

ದಾಖಲೆ ಕೊಡಲು ಸತಾಯಿಸಿದರೆ ಬರವಣಿಗೆಯಲ್ಲಿ ಅರ್ಜಿ ಕೊಡಿ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳ ಪ್ರಕಾರ, ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಬೇಕು. ಅದಕ್ಕೇ ಹೊರಡುವ ಹಿಂದಿನ ದಿನ ಹೋಗಬೇಡಿ, ಹದಿನೈದು ದಿನ ಮೊದಲೇ ಹೋಗಿ.

ಆಗಲೇ ಊರು ಬಿಟ್ಟು ಬಂದಿದ್ದರೆ? ಹಳೆಯ ಡಾಕ್ಟರನ್ನು ಫೋನಿನಲ್ಲೋ ವೀಡಿಯೊದಲ್ಲೋ ಸಂಪರ್ಕಿಸಬಹುದು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ಅವರು ಈಗಾಗಲೇ ನಡೆಯುತ್ತಿರುವ ಹಲವು ಮಾತ್ರೆಗಳನ್ನು ಮುಂದುವರಿಸಿ ಬರೆಯಬಹುದು. ಆದರೆ ಅತಿ ಬಿಗಿ ನಿಯಂತ್ರಣದ ಪಟ್ಟಿಯಾದ ಶೆಡ್ಯೂಲ್ ಎಕ್ಸ್‌ನ ಔಷಧಗಳನ್ನು ಮತ್ತು ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯಡಿ ಬರುವವನ್ನು ಹೀಗೆ ದೂರದಿಂದ ಬರೆಯುವ ಹಾಗಿಲ್ಲ. ಟ್ರಮಡಾಲ್ 2018ರಿಂದ ಆ ಕಾಯ್ದೆಯಡಿ ಸೇರಿದೆ. ಮಾರ್ಫಿನ್, ಫೆಂಟನಿಲ್ ಮೊದಲೇ ಇದ್ದವು. ‘ವಾಟ್ಸ್ಯಾಪ್‌ನಲ್ಲಿ ಕಳಿಸಿ ಸರ್’ ಎಂದು ಅವರನ್ನು ಪೀಡಿಸಿ ಫಲವಿಲ್ಲ.

3. ಬಂದ ವಾರವೇ ಒಬ್ಬ ಸಾಮಾನ್ಯ ವೈದ್ಯರು

ಎಲ್ಲರೂ ಹಾರಿಬಿಡುವ ಹಂತ ಇದು. ನೋವು ತಜ್ಞರ ಬಳಿ ದಿನ ಸಿಗುವ ತನಕ ಮಾತ್ರೆ ನಡೆಯಬೇಕಲ್ಲ? ಮನೆ ಹತ್ತಿರದ ಎಂಬಿಬಿಎಸ್ ಅಥವಾ ಎಂಡಿ ಮೆಡಿಸಿನ್ ಡಾಕ್ಟರನ್ನು ಬಂದ ಮೊದಲ ವಾರದಲ್ಲೇ ನೋಡಿ. ಸಾರಾಂಶ ಪತ್ರ ತೋರಿಸಿ ಎರಡೇ ವಿಷಯ ಕೇಳಿ: ತಜ್ಞರು ಸಿಗುವವರೆಗೆ ಇದೇ ಮಾತ್ರೆ ಇದೇ ಅಳತೆಯಲ್ಲಿ ಮುಂದುವರಿಸಬಹುದೇ, ಮತ್ತು ಒಂದು ರೆಫರಲ್ ಚೀಟಿ ಕೊಡುತ್ತೀರಾ.

ಊರಿನ ಡಾಕ್ಟರಿಗೆ ಯಾವ ಆಸ್ಪತ್ರೆಯಲ್ಲಿ ಯಾರು ಇದನ್ನು ನೋಡುತ್ತಾರೆ ಎಂಬುದೂ ಗೊತ್ತಿರುತ್ತದೆ. ಹತ್ತು ಕಡೆ ಫೋನ್ ಮಾಡುವುದಕ್ಕಿಂತ ಅವರ ಒಂದು ಮಾತು ಮೇಲು.

ಮೆಡಿಕಲ್ ಅಂಗಡಿಯಲ್ಲಿ ತಕರಾರು ಬಂದರೆ ಹೆದರಬೇಡಿ. ನೋಂದಾಯಿತ ಅಲೋಪತಿ ವೈದ್ಯರು ಬರೆದ ಚೀಟಿ ಬೇರೆ ರಾಜ್ಯದ್ದು ಎಂಬ ಕಾರಣಕ್ಕೆ ಅಸಿಂಧು ಆಗುವುದಿಲ್ಲ. ಆದರೆ ಅಂಗಡಿಯವರ ಕಷ್ಟವನ್ನೂ ತಿಳಿದುಕೊಳ್ಳಿ. ಶೆಡ್ಯೂಲ್ ಎಚ್1 ಎಂಬ ನಿಯಂತ್ರಿತ ಪಟ್ಟಿಯ ಔಷಧ ಮಾರಿದರೆ ಬರೆದ ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧದ ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಸ್ಟ್ರಿಪ್ಪಿನ ಮೇಲೆ ಕೆಂಪಕ್ಷರದಲ್ಲಿ ಎನ್‌ಆರ್‌ಎಕ್ಸ್ (ಎನ್‌ಡಿಪಿಎಸ್ ಕಾಯ್ದೆಯ ಔಷಧದ ಗುರುತು) ಎಂದಿದ್ದರೆ ಇನ್ನೂ ಬಿಗಿ. ಮುದುಡಿದ ಹಳೇ ಚೀಟಿಯ ಫೋಟೊ ತೋರಿಸಿದರೆ ಅವರು ಕೊಡದಿರುವುದೇ ಸರಿ. ಇತ್ತೀಚಿನ ದಿನಾಂಕದ, ಸಹಿ ಮತ್ತು ನೋಂದಣಿ ಸಂಖ್ಯೆ ಇರುವ ಮೂಲ ಚೀಟಿ ಒಯ್ಯಿರಿ.

ಮಾರ್ಫಿನ್ ತೆಗೆದುಕೊಳ್ಳುವ ಕ್ಯಾನ್ಸರ್ ರೋಗಿಗಳಿಗೆ ದಾರಿ ಬೇರೆ. ಅದು ಸಾಮಾನ್ಯ ಮೆಡಿಕಲ್‌ನಲ್ಲಿ ಸಿಗುವುದಿಲ್ಲ, ಹೆಚ್ಚಾಗಿ ಅನುಮತಿ ಇರುವ ಆಸ್ಪತ್ರೆಗಳಲ್ಲೇ ಸಿಗುವುದು. ಎನ್‌ಡಿಪಿಎಸ್ ಕಾಯ್ದೆಯ 2014ರ ತಿದ್ದುಪಡಿಯ ನಂತರ ದೇಶಕ್ಕೆಲ್ಲ ಒಂದೇ ನಿಯಮ ಬಂದಿದ್ದರೂ ಎಲ್ಲ ಆಸ್ಪತ್ರೆಗೂ ಆ ಮಾನ್ಯತೆ ಇಲ್ಲ. ಇಂಥವರು ಊರು ಬಿಡುವ ಮೊದಲೇ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಉಪಶಾಮಕ ಚಿಕಿತ್ಸಾ ವಿಭಾಗಕ್ಕೆ, ಅಲ್ಲಿಯವರು ಕರೆಯುವಂತೆ ಪ್ಯಾಲಿಯೇಟಿವ್ ಮೆಡಿಸಿನ್‌ಗೆ, ಫೋನ್ ಮಾಡಿ ಮಾತಾಡಿಕೊಳ್ಳಬೇಕು. ಬಂದ ಮೇಲೆ ಮಾಡುತ್ತೇನೆ ಎನ್ನಬೇಡಿ.

ನಡುವೆ ಇವು ಕಂಡರೆ ತಜ್ಞರಿಗಾಗಿ ಕಾಯಬೇಡಿ

ಮೂತ್ರ ಕಟ್ಟಿಕೊಳ್ಳುವುದು ಅಥವಾ ಗೊತ್ತಾಗದೆ ಹೋಗುವುದು, ಮಲದ ಹಿಡಿತ ತಪ್ಪುವುದು, ಸೈಕಲ್ ಸೀಟಿಗೆ ತಾಗುವ ಜಾಗ ಮರಗಟ್ಟುವುದು, ಪಾದ ಎತ್ತಲಾಗದೆ ಚಪ್ಪಲಿ ಜಾರಿಹೋಗುವುದು. ಬೆನ್ನು ನೋವಿನ ಜೊತೆ ಇವುಗಳಲ್ಲಿ ಯಾವುದು ಹೊಸದಾಗಿ ಬಂದರೂ ನರಗಳ ಗೊಂಚಲು ಒತ್ತಿಹೋಗಿರಬಹುದು. ಅದೇ ದಿನ, ಅದೇ ಗಂಟೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. 108ಕ್ಕೆ ಕರೆ ಮಾಡಿ. ಜ್ವರದೊಂದಿಗೆ ಬೆನ್ನುನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಮಲಗಿದರೂ ಬಿಡದ ಹೊಸ ನೋವು, ಇವನ್ನೂ ಮುಂದಿನ ವಾರಕ್ಕೆ ತಳ್ಳಬೇಡಿ.

4. ಯಾರನ್ನು ಹುಡುಕಬೇಕು, ಎಲ್ಲಿ

ನೋವಿನ ಡಾಕ್ಟರು ಯಾವ ವಿಭಾಗದಲ್ಲಿರುತ್ತಾರೆ? ನಮ್ಮಲ್ಲಿ ಹೆಚ್ಚಾಗಿ ಅರಿವಳಿಕೆ ವಿಭಾಗದಲ್ಲಿ, ಅಂದರೆ ಅನಸ್ತೇಶಿಯಾದಲ್ಲಿ. ಇದು ಗೊತ್ತಿಲ್ಲದೆಯೇ ಜನ ಮೂಳೆ ವಿಭಾಗದ ಸಾಲಿನಲ್ಲಿ ನಿಲ್ಲುವುದು. ಆಪರೇಷನ್ ಬೇಕೇ ಬೇಡವೇ ಎಂದು ಹೇಳುವುದು ಮೂಳೆ ತಜ್ಞರ ಕೆಲಸ. ಅದು ಮುಗಿದ ಮೇಲೂ ಉಳಿದಿರುವ ನೋವನ್ನು ವರ್ಷಗಟ್ಟಲೆ ನಿಭಾಯಿಸುವುದು ಬೇರೆಯದೇ ವಿದ್ಯೆ. ಹಾಗಾಗಿ ನೋಂದಣಿ ಕೌಂಟರಿನಲ್ಲಿ ‘ಬೆನ್ನು ನೋವು’ ಅನ್ನಬೇಡಿ, ಅಂದರೆ ಮೂಳೆ ವಿಭಾಗದ ಚೀಟಿಯೇ ಕೈಗೆ ಬರುತ್ತದೆ. ‘ಪೇನ್ ಕ್ಲಿನಿಕ್‌ಗೆ ಬೇಕು’ ಅನ್ನಿ.

ಕೇಳಿ ನೋಡಬಹುದಾದ ದೊಡ್ಡ ಆಸ್ಪತ್ರೆಗಳು ನಮ್ಮ ಎರಡು ಜಿಲ್ಲೆಯಲ್ಲಿ ಬೇಕಷ್ಟಿವೆ: ಮಣಿಪಾಲದ ಕಸ್ತೂರ್ಬಾ, ಮಂಗಳೂರಿನಲ್ಲಿ ಅಂಬೇಡ್ಕರ್ ವೃತ್ತದ ಮತ್ತು ಅತ್ತಾವರದ ಕೆಎಂಸಿ, ಕಂಕನಾಡಿಯ ಫಾದರ್ ಮುಲ್ಲರ್, ಕುಂಟಿಕಾನದ ಎ.ಜೆ., ದೇರಳಕಟ್ಟೆಯ ಯೆನೆಪೊಯ ಮತ್ತು ಕೆ.ಎಸ್. ಹೆಗ್ಡೆ. ಸರ್ಕಾರಿ ಬೇಕಾದವರಿಗೆ ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಕಾಸರಗೋಡಿನಿಂದಲೂ ಜನ ಇಲ್ಲಿಗೇ ಬರುವುದರಿಂದ ಮಂಗಳೂರಿನ ಆಸ್ಪತ್ರೆಗಳಲ್ಲಿ ಬೆಳಗ್ಗಿನ ಹೊತ್ತು ಕಾಲಿಡಲು ಜಾಗ ಇರುವುದಿಲ್ಲ.

ದೂರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಉಡುಪಿಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್. ನೋವಿನ ಡಾಕ್ಟರನ್ನು ಒಂದು ಸಲ ನೋಡಿದರೆ ಮುಗಿಯುವುದಿಲ್ಲ, ಮೊದಲ ಆರು ತಿಂಗಳಲ್ಲಿ ಆರೇಳು ಸಲ ಹೋಗಬೇಕಾದೀತು. ಎಕ್ಸ್‌ಪ್ರೆಸ್ ಬಸ್ಸಿನ ಹಿಂದಿನ ಸೀಟಿನಲ್ಲಿ ಒಂದೂವರೆ ಗಂಟೆ ಕುಲುಕಿಸಿಕೊಂಡು ಬಂದ ಬೆನ್ನನ್ನು ಡಾಕ್ಟರು ಪರೀಕ್ಷಿಸಿದರೆ ಅವರಿಗೆ ಕಾಣುವುದು ಬಸ್ಸಿನ ನೋವು. ಹತ್ತಿರದಲ್ಲಿ ಸಾಧಾರಣ ಒಳ್ಳೆಯವರು ಸಿಕ್ಕರೆ ದೂರದ ಹೆಸರುವಾಸಿಗಿಂತ ಅವರೇ ಆಗಬಹುದು ಎಂಬುದು ನನ್ನ ಅಭಿಪ್ರಾಯ. ಮಂಗಳೂರಿಗೇ ಹೋಗಬೇಕಾದರೆ ಚಕ್ರಕ್ಕಿಂತ ಮುಂದಿನ ಸೀಟು ಹಿಡಿಯಿರಿ.

ಹೆಸರು ಸಿಕ್ಕಿದ ಮೇಲೆ ಅರ್ಹತೆ ನೋಡಿ. ಎಂಬಿಬಿಎಸ್ ನಂತರ ಎಂಡಿ ಅನಸ್ತೇಶಿಯಾ ಅಥವಾ ಫಿಸಿಕಲ್ ಮೆಡಿಸಿನ್, ಅದರ ಮೇಲೆ ನೋವು ಚಿಕಿತ್ಸೆಯಲ್ಲಿ ಫೆಲೋಶಿಪ್. ಎಫ್‌ಐಪಿಪಿ ಎಂಬ ಅಕ್ಷರಗಳು ಕೆಲವರ ಬೋರ್ಡಿನಲ್ಲಿ ಕಾಣುತ್ತವೆ, ಇಂಜೆಕ್ಷನ್ ಮೂಲಕ ನೋವು ಚಿಕಿತ್ಸೆ ಮಾಡುವವರು ಬರೆಯುವ ಅಂತರರಾಷ್ಟ್ರೀಯ ಪರೀಕ್ಷೆ ಅದು. ಕರ್ನಾಟಕ ವೈದ್ಯಕೀಯ ಪರಿಷತ್ತಿನ ಜಾಲತಾಣದಲ್ಲಿ ನೋಂದಣಿ ನೋಡಬಹುದು. ಖಾಸಗಿ ಕ್ಲಿನಿಕ್ ಆದರೆ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಗೋಡೆಯ ಮೇಲೆ ಇರಬೇಕು.

5. ಹೋಗುವ ಮೊದಲು ಒಂದು ಫೋನ್

ಪೇನ್ ಕ್ಲಿನಿಕ್ ಕೆಲವು ಕಡೆ ವಾರದಲ್ಲಿ ಕೆಲವೇ ದಿನ ನಡೆಯುತ್ತದೆ. ಆಸ್ಪತ್ರೆಯ ಮುಖ್ಯ ನಂಬರಿಗೆ ಫೋನ್ ಮಾಡಿ, ಅನಸ್ತೇಶಿಯಾ ವಿಭಾಗಕ್ಕೆ ಕೊಡಿ ಎಂದು ಕೇಳಿ. ಯಾವ ದಿನ, ಯಾವ ಮಹಡಿ, ಹೊಸಬರಿಗೆ ರೆಫರಲ್ ಬೇಕೇ, ಚೀಟಿ ಎಷ್ಟು ಗಂಟೆಯವರೆಗೆ. ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಸಾಕು. ಔಷಧದ ಹೆಸರು ಹೇಳಿ ‘ಟ್ರಮಡಾಲ್ ಬರೆದುಕೊಡ್ತೀರಾ’ ಎಂದು ಫೋನಿನಲ್ಲಿ ಕೇಳಬೇಡಿ. ಚಟಕ್ಕೆ ಹುಡುಕುವವರು ಕೇಳುವ ರೀತಿಯೂ ಅದೇ ಆದ್ದರಿಂದ ಆ ಕಡೆಯವರು ಹಿಂಜರಿಯುತ್ತಾರೆ, ಮತ್ತು ನಿಜವಾದ ನೋವಿರುವ ನಿಮ್ಮ ಮೇಲೆ ಸುಮ್ಮನೆ ಅನುಮಾನ.

6. ಮೊದಲ ಭೇಟಿ

ಆಸ್ಪತ್ರೆಗೆ ಬೆಳಗ್ಗೆ ಬೇಗ ಹೋಗಿ. ಸರ್ಕಾರದ ಡಿಜಿಟಲ್ ಆರೋಗ್ಯ ಗುರುತಾದ ಆಭಾ ಸಂಖ್ಯೆ ಇದ್ದರೆ ಕೆಲವು ಆಸ್ಪತ್ರೆಗಳಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಟೋಕನ್ ಪಡೆಯಬಹುದು. ಮನೆಯವರೊಬ್ಬರು ಜೊತೆಗಿರಲಿ. ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ಹಾಗೆಯೇ ಒಯ್ಯಿರಿ.

ಬೋಧನಾ ಆಸ್ಪತ್ರೆಯಲ್ಲಿ ಮೊದಲು ಮಾತಾಡಿಸುವುದು ಪಿ.ಜಿ. ಡಾಕ್ಟರು. ‘ದೊಡ್ಡ ಡಾಕ್ಟರು ಬರಲಿ, ಅವರಿಗೇ ಹೇಳ್ತೇನೆ’ ಎಂದು ಅರ್ಧ ಮಾತಾಡಿ ಕೂರುವವರನ್ನು ನೋಡಿದ್ದೇನೆ. ದೊಡ್ಡ ತಪ್ಪು. ನಿಮ್ಮ ಪೂರ್ತಿ ಕಥೆ ಕೇಳುವ ಪುರುಸೊತ್ತು ಇರುವುದು ಆ ಕಿರಿಯರಿಗೆ, ಹಿರಿಯರು ಓದುವುದು ಅವರು ಬರೆದದ್ದನ್ನು. ಅವರಲ್ಲಿ ಹಲವರು ಕೇರಳದವರೋ ದೆಹಲಿಯವರೋ ಆಗಿರುತ್ತಾರೆ, ತುಳುವಂತೂ ಬರುವುದಿಲ್ಲ, ಕನ್ನಡ ಆಗಷ್ಟೇ ಕಲಿಯುತ್ತಿರುತ್ತಾರೆ. ಹಾಗಾಗಿ ಹೇಳಬೇಕಾದ್ದನ್ನು ಬರೆದೊಯ್ಯುವುದು ಒಳ್ಳೆಯದು. ಮನುಷ್ಯನ ಆಕೃತಿ ಬರೆದು ನೋವಿರುವ ಕಡೆ ಗೆರೆ ಹಾಕಿದರೆ ಭಾಷೆಯೇ ಬೇಡ.

‘ತುಂಬಾ ಬೇನೆ, ತಡೀಲಿಕ್ಕಾಗುದಿಲ್ಲ’ ಎಂಬ ಮಾತಿನಿಂದ ಡಾಕ್ಟರಿಗೆ ಏನೂ ಸಿಗುವುದಿಲ್ಲ. ನೋವು ಹೇಗಿದೆ ಎಂದು ಹೇಳಲು ನಮ್ಮ ಭಾಷೆಯಲ್ಲಿ ಒಳ್ಳೊಳ್ಳೆಯ ಪದಗಳಿವೆ, ಅವನ್ನು ಬಳಸಿ. ಮೆಣಸು ಹಚ್ಚಿದಂತೆ ಉರಿ, ಕರೆಂಟ್ ಹೊಡೆದ ಹಾಗೆ ಛಳಕು, ಇರುವೆ ಹರಿದಂತೆ ಜುಮುಜುಮು, ಪಂಚೆಯ ಅಂಚು ತಾಗಿದರೂ ತಡೆಯದಿರುವುದು: ಇವು ನರದ ಕಡೆ ಬೆರಳು ತೋರಿಸುತ್ತವೆ. ಹಿಡಿದುಕೊಂಡ ಹಾಗೆ, ಬೆಳಗ್ಗೆ ಎದ್ದಾಗ ಸೆಟೆದು ಬಿಸಿನೀರು ಬಿದ್ದ ಮೇಲೆ ಸಡಿಲ, ಒತ್ತಿದ ಜಾಗದಲ್ಲೇ ನೋವು: ಇವು ಸ್ನಾಯು, ಕೀಲಿನ ಕಡೆ. ಎರಡಕ್ಕೂ ಮಾತ್ರೆ ಬೇರೆ ಬೇರೆ.

ಹತ್ತಕ್ಕೆ ಎಷ್ಟು ಅಂಕ ಎಂದು ಕೇಳುತ್ತಾರೆ. ಎಲ್ಲದಕ್ಕೂ ‘ಹತ್ತು’ ಅನ್ನಬೇಡಿ. ಅಂಕದ ಜೊತೆ ಏನು ಮಾಡಲು ಆಗುತ್ತದೆ, ಏನು ಆಗುವುದಿಲ್ಲ ಎಂಬುದನ್ನು ಹೇಳಿ. ನನ್ನ ಗಂಡ ಹೇಳಿದ್ದು ಹೀಗೆ: ‘ಉಡುಪಿ ಬಸ್ ಸ್ಟ್ಯಾಂಡಿನಿಂದ ಕೃಷ್ಣ ಮಠಕ್ಕೆ ಮೊದಲು ನಿಲ್ಲದೆ ನಡೀತಿದ್ದೆ, ಈಗ ಎರಡು ಸಲ ಅಂಗಡಿ ಜಗಲಿಯಲ್ಲಿ ಕೂರ್ತೇನೆ. ಕೂತು ಮುಂದೆ ಬಾಗಿದ್ರೆ ಕಡಿಮೆಯಾಗ್ತದೆ.’ ಡಾಕ್ಟರು ಪೆನ್ನು ನಿಲ್ಲಿಸಿ ಮತ್ತೊಮ್ಮೆ ಕೇಳಿದರು. ಆ ಕೊನೆಯ ಮಾತಿನಿಂದ ಅವರು ಬೆನ್ನುಹುರಿಯ ನಾಳ ಕಿರಿದಾಗಿರುವುದನ್ನು ಹಳೆಯ ಎಂಆರ್‌ಐಯಲ್ಲೇ ಹುಡುಕಿ ತೋರಿಸಿದರು.

ಮುಚ್ಚಿಡಬಾರದ್ದು ಕೆಲವಿವೆ. ಸಕ್ಕರೆ ಕಾಯಿಲೆ ಇದ್ದರೆ ಹೇಳಿ, ಸ್ಟೀರಾಯ್ಡ್ ಇಂಜೆಕ್ಷನ್ ನಂತರ ಕೆಲವು ದಿನ ಸಕ್ಕರೆ ಏರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದ್ದರೆ ಇಂಜೆಕ್ಷನ್ ಮಾತಾಡುವ ಮೊದಲೇ ಹೇಳಬೇಕು. ಮೂತ್ರಪಿಂಡದ ತೊಂದರೆ, ಕುಡಿಯುವ ಅಭ್ಯಾಸ, ನಿದ್ದೆ ಮಾತ್ರೆ, ಖಿನ್ನತೆಯ ಮಾತ್ರೆ ಎಲ್ಲವನ್ನೂ ಹೇಳಿ. ಟ್ರಮಡಾಲ್ ಜೊತೆ ಕೆಲವು ಖಿನ್ನತೆಯ ಮಾತ್ರೆಗಳು ಸೇರಿದರೆ ಅಪಾಯ. ಮಳೆಗಾಲದ ಆಟಿ ತಿಂಗಳಲ್ಲಿ ತೈಲ ಚಿಕಿತ್ಸೆ, ಕಷಾಯ ಮಾಡಿಸಿಕೊಳ್ಳುವುದು ನಮ್ಮ ಕಡೆ ರೂಢಿ. ಅದನ್ನೂ ಹೇಳಿ, ಆ ವೈದ್ಯರಿಗೆ ಈ ಮಾತ್ರೆಗಳ ವಿಷಯವನ್ನೂ ಹೇಳಿ. ಹೇಳಿದರೆ ಬೈಯುತ್ತಾರೆ ಎಂದು ಹೆದರಿ ಸುಮ್ಮನಿರುವವರೇ ತೊಂದರೆಗೆ ಸಿಕ್ಕಿಕೊಳ್ಳುವುದು.

ಹೊಸ ಡಾಕ್ಟರು ಮೊದಲ ದಿನವೇ ಹಳೆಯ ಚೀಟಿಯನ್ನು ಹಾಗೇ ನಕಲು ಮಾಡಬೇಕು ಎಂದು ಅಪೇಕ್ಷಿಸಬೇಡಿ. ಅವರು ಒಂದನ್ನು ಇಳಿಸಿ ಇನ್ನೊಂದು ಸೇರಿಸಬಹುದು. ಆಗ ಕೇಳಬೇಕಾದ್ದು: ‘ಇದನ್ನು ಎಷ್ಟು ದಿನದಲ್ಲಿ, ಹೇಗೆ ಇಳಿಸುವುದು? ಇಳಿಸುವಾಗ ತೊಂದರೆಯಾದರೆ ಯಾರಿಗೆ ಫೋನ್ ಮಾಡುವುದು?’ ಚೀಟಿಯಲ್ಲಿ ಬರೆಸಿಕೊಳ್ಳಿ. ಮನೆಗೆ ಬಂದು ಎಲ್ಲ ಸ್ಟ್ರಿಪ್ಪಿನ ಹಿಂಭಾಗ ಓದಿ ಪ್ಯಾರಾಸಿಟಮಾಲ್ ಎಷ್ಟು ಕಡೆ ಸೇರಿದೆ ನೋಡಿ. ಟ್ರಮಡಾಲ್ ಜೊತೆ ಬೆರೆಸಿದ ಮಾತ್ರೆಯಲ್ಲೂ ಅದು ಇರುತ್ತದೆ, ಜ್ವರಕ್ಕೆಂದು ನುಂಗುವ ಡೋಲೋ 650 ಕೂಡ ಅದೇ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4 ಗ್ರಾಂ ಮೀರಬಾರದು, ಯಕೃತ್ತಿನ ತೊಂದರೆ ಇದ್ದರೆ ಇನ್ನೂ ಕಡಿಮೆ.

7. ಎದ್ದು ಬರಬೇಕಾದ ಸೂಚನೆಗಳು

ಮೈ ಮುಟ್ಟಿ ನೋಡದೆ ಇಂಜೆಕ್ಷನ್ನಿನ ದಿನ ಗೊತ್ತು ಮಾಡುವುದು. ‘ನೂರಕ್ಕೆ ನೂರು ವಾಸಿ’ ಎಂಬ ಮಾತು. ಹತ್ತು ಸಿಟ್ಟಿಂಗಿನ ಹಣ ಮುಂಗಡ ಕಟ್ಟಿ ಎನ್ನುವುದು. ಏನು ಚುಚ್ಚುತ್ತೀರಿ ಎಂದರೆ ಹೆಸರು ಹೇಳದಿರುವುದು.

ಹೆಸರಿಲ್ಲದ ಪುಡಿ, ಕವರಿನಲ್ಲಿ ಕಟ್ಟಿಕೊಡುವ ಬಿಡಿ ಮಾತ್ರೆಯಂತೂ ಮುಟ್ಟಲೇಬೇಡಿ. ಎರಡೇ ದಿನದಲ್ಲಿ ಪವಾಡದಂತೆ ನೋವು ಹೋಗಿ, ತಿಂಗಳೊಳಗೆ ಮುಖ ಊದಿಕೊಂಡು ಸಕ್ಕರೆ, ಬಿ.ಪಿ. ಏರಿದರೆ ಅದರಲ್ಲಿ ಸ್ಟೀರಾಯ್ಡ್ ಇರುವ ಸಂಭವ ಹೆಚ್ಚು. ಬಹಳ ದಿನ ತೆಗೆದುಕೊಂಡಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಡಾಕ್ಟರಿಗೆ ತೋರಿಸಿಯೇ ನಿಲ್ಲಿಸಬೇಕು.

ಹಳೆಯ ಎಂಆರ್‌ಐ ಬಿಚ್ಚದೆ ಹೊಸದು ಬರೆದರೆ ಮರ್ಯಾದೆಯಿಂದಲೇ ಕೇಳಿ: ‘ಡಾಕ್ಟ್ರೇ, ಇದು ಕಳೆದ ವರ್ಷದ್ದು, ಒಮ್ಮೆ ನೋಡ್ತೀರಾ? ಇದರಲ್ಲಿ ಏನು ಸಾಲುದಿಲ್ಲ?’ ಹೊಸ ಲಕ್ಷಣ ಬಂದಿದ್ದರೆ ಹೊಸ ಎಂಆರ್‌ಐ ನಿಜಕ್ಕೂ ಬೇಕಾಗಬಹುದು, ಒಳ್ಳೆಯ ಡಾಕ್ಟರು ಕಾರಣ ಹೇಳುತ್ತಾರೆ. ಕಾರಣ ಹೇಳದೆ ಸಿಡುಕಿದರೆ ಇನ್ನೊಬ್ಬರನ್ನು ನೋಡಿ.

ಮಾತ್ರೆ ಕೊಡದೆ ‘ವ್ಯಾಯಾಮ ಮಾಡಿ, ಮನೋವೈದ್ಯರನ್ನೂ ನೋಡಿ’ ಎಂದರೆ ಅದು ಅವಮಾನ ಅಲ್ಲ. ಹಳೆಯ ನೋವಿಗೂ ನಿದ್ದೆ, ಮನಸ್ಸಿಗೂ ನಂಟು ಗಟ್ಟಿ. ಆದರೆ ಅದರ ಜೊತೆ ‘ನಿಮ್ಮ ನೋವು ಬರೇ ಭ್ರಮೆ’ ಎಂದರೆ ಅಲ್ಲಿಗೆ ಮತ್ತೆ ಹೋಗುವ ಅಗತ್ಯವಿಲ್ಲ. ನೋವಿನಿಂದ ಬದುಕೇ ಬೇಡ ಅನ್ನಿಸುವ ರಾತ್ರಿಗಳಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

8. ಹಣದ ವಿಷಯ

ಆರೋಗ್ಯ ವಿಮೆ ಸಾಮಾನ್ಯವಾಗಿ ಹೊರರೋಗಿ ಶುಲ್ಕ, ಮಾತ್ರೆ ಕೊಡುವುದಿಲ್ಲ. ಇಂಜೆಕ್ಷನ್ ಡೇ ಕೇರ್ ಪಟ್ಟಿಯಲ್ಲಿದೆಯೇ, ಆ ಆಸ್ಪತ್ರೆ ನಗದುರಹಿತ ಜಾಲದಲ್ಲಿದೆಯೇ ಎಂದು ದಿನ ಗೊತ್ತಾಗುವ ಮೊದಲೇ ಕಂಪನಿಗೆ ಕೇಳಿ, ವಿಳಾಸವನ್ನೂ ಬದಲಿಸಿಕೊಳ್ಳಿ. ಇಎಸ್‌ಐ ಇದ್ದರೆ ಸಂಖ್ಯೆ ಹಳೆಯದೇ, ಡಿಸ್ಪೆನ್ಸರಿ ಮಾತ್ರ ಇಲ್ಲಿಯದಕ್ಕೆ ಬದಲಾಗಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಹುತೇಕ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಹಾಗಾಗಿ ಆ ದಾರಿ ಹಿಡಿಯುವವರು ವೆನ್ಲಾಕ್ ಅಥವಾ ಅಜ್ಜರಕಾಡಿನಿಂದಲೇ ಶುರು ಮಾಡಲಿ. ಮಣಿಪಾಲಕ್ಕೆ ಪದೇ ಪದೇ ಹೋಗುವವರು ಮಣಿಪಾಲ ಆರೋಗ್ಯ ಕಾರ್ಡ್ ಬಗ್ಗೆ ವಿಚಾರಿಸಿ, ವರ್ಷಕ್ಕೊಮ್ಮೆ ಮಾಡಿಸಿಕೊಂಡರೆ ರಿಯಾಯಿತಿ ಸಿಗುತ್ತದೆ.

9. ಎರಡನೇ ಭೇಟಿಗೆ ಮೊದಲು

ಮೊದಲ ಭೇಟಿ ಮುಗಿದ ದಿನದಿಂದ ಒಂದು ಚಿಕ್ಕ ಪುಸ್ತಕ ಇಡಿ. ದಿನಕ್ಕೆ ಒಂದೇ ಸಾಲು: ನೋವಿನ ಅಂಕ, ನಿದ್ದೆ ಎಷ್ಟು ಗಂಟೆ, ಎಷ್ಟು ದೂರ ನಡೆದಿರಿ, ಮಾತ್ರೆ ತಪ್ಪಿತೇ. ನಮ್ಮ ಮನೆಯದು ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿ. ಡಾಕ್ಟರು ಅದನ್ನು ಎರಡು ನಿಮಿಷದಲ್ಲಿ ಓದಿ ರಾತ್ರಿಯ ಮಾತ್ರೆಯನ್ನು ಸಂಜೆ ಏಳಕ್ಕೆ ತಂದರು, ಬೆಳಗಿನ ಮಂಪರು ಹೋಯಿತು.

ಎರಡನೇ ಭೇಟಿಯಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆ: ಅವರು ರಜೆಯಲ್ಲಿದ್ದರೆ ಆ ವಿಭಾಗದಲ್ಲಿ ಯಾರನ್ನು ನೋಡಬೇಕು. ಆ ಹೆಸರನ್ನು, ಮುಂದಿನ ಭೇಟಿಯ ದಿನವನ್ನು, ಮಾತ್ರೆ ಮುಗಿಯುವ ದಿನವನ್ನು ಒಂದೇ ಚೀಟಿಯಲ್ಲಿ ಬರೆದು ಕ್ಯಾಲೆಂಡರಿಗೆ ಪಿನ್ ಮಾಡಿ. ಮುಂದಿನ ಭೇಟಿಯ ದಿನ ಮಾತ್ರೆ ಮುಗಿಯುವುದಕ್ಕಿಂತ ಐದು ದಿನವಾದರೂ ಮೊದಲಿರಬೇಕು. ಮಳೆಗಾಲದಲ್ಲಿ ಹತ್ತು ದಿನ.